ಎಣಿಸಿದ ಹೆಜ್ಜೆ, ಬೀಗ ಹಾಕಿದ ಬೀರು

ಯಂತ್ರಗಳನ್ನು ತಯಾರಿಸುವ ಯಂತ್ರಗಳ ಬಗ್ಗೆ ನಮ್ಮಲ್ಲಿ ಸಾರ್ವಜನಿಕ ಚರ್ಚೆ ನಡೆಯುವುದು ತೀರಾ ಅಪರೂಪ. ಮೊಬೈಲ್ ಫೋನಿನ ಲೋಹದ ಕವಚ, ಕಾರಿನ ಎಂಜಿನ್ನಿನ ಬಿಡಿಭಾಗ, ಸವೆದ ಮಂಡಿಯ ಜಾಗಕ್ಕೆ ವೈದ್ಯರು ಕೂರಿಸುವ ಕೃತಕ ಕೀಲು ಇವೆಲ್ಲವನ್ನೂ ಇಂದು ಕಡೆದು ರೂಪಿಸುವುದು ಗಣಕ ನಿಯಂತ್ರಿತ ಯಂತ್ರ, ಅಂದರೆ ಸಿಎನ್‌ಸಿ ಯಂತ್ರ. ಬೆಂಗಳೂರಿಗೆ ಈ ವಿದ್ಯೆ ಹೊಸದೇನಲ್ಲ. 1953ರಲ್ಲಿ ಎಚ್‌ಎಂಟಿ ಇಲ್ಲಿ ಸ್ಥಾಪನೆಯಾಯಿತು. 1962ರಲ್ಲಿ ಚೆಕೊಸ್ಲೊವಾಕಿಯಾದ ನೆರವಿನೊಂದಿಗೆ ಕೇಂದ್ರೀಯ ಯಂತ್ರೋಪಕರಣ ಸಂಸ್ಥೆ ಇಲ್ಲಿಯೇ ತಲೆ ಎತ್ತಿತು. ಪೀಣ್ಯದ ಬೀದಿಗಳಲ್ಲಿ ನಡೆದು ಹೋದರೆ ಲೋಹ ಕಡೆಯುವ ಸದ್ದು ಇಂದಿಗೂ ಕಿವಿಗೆ ಬೀಳುತ್ತದೆ. ಆದರೆ ಇಲ್ಲೊಂದು ವೈಚಿತ್ರ್ಯವಿದೆ. ಯಂತ್ರದ ಮೈಯನ್ನು ನಾವು ಚೆನ್ನಾಗಿಯೇ ಎರಕ ಹೊಯ್ಯುತ್ತೇವೆ. ಅದರ ಮಿದುಳು ಎನ್ನಬಹುದಾದ ನಿಯಂತ್ರಕ ಮಾತ್ರ ಬಹುಪಾಲು ಜಪಾನಿನದೋ ಜರ್ಮನಿಯದೋ ಆಗಿರುತ್ತದೆ.

ಆ ಮಿದುಳಿನ ಒಂದು ಅಂಶವನ್ನಾದರೂ ಕೈಯಾರೆ ಕಟ್ಟಿ ನೋಡಬೇಕೆಂಬ ಹಂಬಲದಿಂದ, ನಿವೃತ್ತಿಯ ಬಿಡುವಿನಲ್ಲಿ, ಮರದ ಹಲಗೆಯ ಮೇಲೆ ಅಕ್ಷರ ಕೊರೆಯುವ ಸಣ್ಣ ಯಂತ್ರವೊಂದಕ್ಕೆ ಸ್ಟೆಪರ್ ಮೋಟಾರಿನ ನಿಯಂತ್ರಕವನ್ನು ಮನೆಯಲ್ಲಿಯೇ ಕಟ್ಟಿದೆ. ಅರ್ಥಶಾಸ್ತ್ರ ಓದಿ, ಜೀವಮಾನವೆಲ್ಲ ಕಡತಗಳ ನಡುವೆ ಕಳೆದವನಿಗೆ ಈ ಉಸಾಬರಿ ಏಕೆ ಎಂದು ಯಾರಾದರೂ ಕೇಳುವುದು ಸಹಜ. ಬಿಡಿಭಾಗಗಳಿಗಾಗಿ ಎಸ್.ಪಿ. ರಸ್ತೆಗೆ ಹೋದಾಗ ಅಂಗಡಿಯವರು ಕೇಳಿದ್ದೂ ಅದನ್ನೇ: ‘ಸಾರ್, ರೆಡಿ ಬೋರ್ಡೇ ಇನ್ನೂರು ರೂಪಾಯಿಗೆ ಸಿಗುತ್ತೆ. ನೀವ್ಯಾಕೆ ಬಿಡಿ ಸಾಮಾನು ತಗೊಂಡು ಒದ್ದಾಡ್ತೀರಾ?’

ಇದು ವ್ಯಾಪಾರಿಯ ಪ್ರಶ್ನೆ ಮಾತ್ರವಲ್ಲ, ಅರ್ಥಶಾಸ್ತ್ರದ ಪ್ರಶ್ನೆಯೂ ಹೌದು. ತನಗೆ ತುಲನಾತ್ಮಕವಾಗಿ ಅಗ್ಗವಾಗುವುದನ್ನು ತಯಾರಿಸಿ ಉಳಿದದ್ದನ್ನು ಕೊಂಡುಕೊಳ್ಳುವುದೇ ಲಾಭವೆಂದು ಡೇವಿಡ್ ರಿಕಾರ್ಡೊ 1817ರಲ್ಲಿಯೇ ವಾದಿಸಿದ್ದ. ಆ ತರ್ಕದಂತೆ ನಡೆದರೆ ನಾನು ಸಿದ್ಧ ಫಲಕವನ್ನೇ ಕೊಳ್ಳಬೇಕಿತ್ತು. ಆದರೆ ಇನ್ನೂರು ರೂಪಾಯಿಗೆ ಫಲಕ ದೊರೆಯುತ್ತದೆಯೇ ಹೊರತು ಅದು ಏಕೆ ಹಾಗೆ ರಚಿತವಾಗಿದೆ ಎಂಬ ಅರಿವು ದೊರೆಯುವುದಿಲ್ಲ. ಆ ಅರಿವಿಗೆ ಮಾರುಕಟ್ಟೆಯಲ್ಲಿ ಬೆಲೆಯೇ ನಮೂದಾಗಿರುವುದಿಲ್ಲ. ಆದ್ದರಿಂದ ಲೆಕ್ಕದಲ್ಲಿ ಅದು ಕಾಣುವುದೂ ಇಲ್ಲ.

ಹೆಜ್ಜೆಯ ಲೆಕ್ಕ

ಸಾಮಾನ್ಯ ಮೋಟಾರಿಗೆ ವಿದ್ಯುತ್ ಕೊಟ್ಟರೆ ಅದು ಸುಮ್ಮನೆ ತಿರುಗುತ್ತಲೇ ಇರುತ್ತದೆ. ಸ್ಟೆಪರ್ ಮೋಟಾರು ಹಾಗಲ್ಲ. ಅದು ಹೇಳಿದಷ್ಟೇ ಹೆಜ್ಜೆ ಇಟ್ಟು ನಿಲ್ಲುತ್ತದೆ. ಬಳಕೆಯಲ್ಲಿರುವ ಮಾದರಿಯ ತಿರುಗುಭಾಗದ ಸುತ್ತ 50 ಹಲ್ಲುಗಳಿರುತ್ತವೆ. ಹೊರಭಾಗದಲ್ಲಿ ಎರಡು ಸುರುಳಿಗಳ ತಂಡವಿರುತ್ತದೆ. ಆ ಎರಡು ಸುರುಳಿಗಳಲ್ಲಿ ಪ್ರವಾಹದ ದಿಕ್ಕನ್ನು ಸರದಿಯಂತೆ ಬದಲಿಸಿದರೆ ನಾಲ್ಕು ಸ್ಥಿತಿಗಳು ಉಂಟಾಗುತ್ತವೆ. ನಾಲ್ಕು ಸ್ಥಿತಿಗಳ ಒಂದು ಸುತ್ತು ಮುಗಿದಾಗ ಮೋಟಾರು ಒಂದು ಹಲ್ಲಿನಷ್ಟು ಮುಂದೆ ಸರಿದಿರುತ್ತದೆ. ಹೀಗೆ 50 ಹಲ್ಲುಗಳಿಗೆ ನಾಲ್ಕರಂತೆ ಪೂರ್ಣ ಸುತ್ತಿಗೆ 200 ಹೆಜ್ಜೆ, ಅಂದರೆ ಒಂದು ಹೆಜ್ಜೆಗೆ 1.8 ಡಿಗ್ರಿ. ಮೋಟಾರಿಗೆ ಜೋಡಿಸಿದ ಸ್ಕ್ರೂ ಒಂದು ಸುತ್ತಿಗೆ 5 ಮಿಲಿಮೀಟರ್ ಸರಿಸುವಂಥದ್ದಾದರೆ ಒಂದು ಹೆಜ್ಜೆಯ ಚಲನೆ 0.025 ಮಿಲಿಮೀಟರ್. ತಲೆಗೂದಲಿನ ದಪ್ಪದ ಅರ್ಧಕ್ಕಿಂತಲೂ ಕಡಿಮೆ! ಕೆಲವು ನೂರು ರೂಪಾಯಿಯ ಮೋಟಾರಿನಿಂದ ಇಷ್ಟು ಸೂಕ್ಷ್ಮತೆ ಸಾಧ್ಯವಾಗುವುದು ಕೇವಲ ಎಣಿಕೆಯ ಬಲದಿಂದ.

ಎಣಿಸುವ ಕೆಲಸ ಸುಲಭ; ಪ್ರವಾಹವನ್ನು ಅಂಕೆಯಲ್ಲಿಡುವುದು ಕಷ್ಟ. ನಾನು ಬಳಸಿದ ಮೋಟಾರಿನ ಒಂದೊಂದು ಸುರುಳಿಗೆ 1.5 ಆಂಪಿಯರ್ ಬೇಕು. ಸುರುಳಿಯ ರೋಧ 2 ಓಮ್. ಓಮ್‌ನ ನಿಯಮದಂತೆ 3 ವೋಲ್ಟ್ ಸಾಕು. ಆದರೆ ಸುರುಳಿ ಎಂಬುದು ಹೇರು ತುಂಬಿದ ಎತ್ತಿನ ಗಾಡಿಯ ಹಾಗೆ. ನಿಂತಿದ್ದಾಗ ಕದಲುವುದಿಲ್ಲ, ಕದಲಿದ ಮೇಲೆ ನಿಲ್ಲುವುದಿಲ್ಲ. ಸುರುಳಿಯ ಪ್ರೇರಕತೆ 3 ಮಿಲಿಹೆನ್ರಿ ಇದ್ದರೆ, ಸೆಕೆಂಡಿಗೆ 2000 ಹೆಜ್ಜೆಯ ವೇಗದಲ್ಲಿ ಒಂದು ಹೆಜ್ಜೆಗೆ ಸಿಗುವ ಅರ್ಧ ಮಿಲಿಸೆಕೆಂಡಿನಲ್ಲಿ 3 ವೋಲ್ಟಿನಿಂದ ಪ್ರವಾಹ ಮೂರನೆಯ ಒಂದು ಪಾಲನ್ನೂ ಮುಟ್ಟುವುದಿಲ್ಲ. ಅಷ್ಟರಲ್ಲಿ ಮುಂದಿನ ಹೆಜ್ಜೆಯ ಆಜ್ಞೆ ಬಂದಿರುತ್ತದೆ. ಹೀಗಾಗಿ ವೇಗ ಹೆಚ್ಚಿದಂತೆ ಮೋಟಾರಿನ ಬಲ ಕುಸಿಯುತ್ತದೆ.

ಇದಕ್ಕೆ ಎಂಜಿನಿಯರುಗಳು ಕಂಡುಕೊಂಡ ಉಪಾಯ ಸೊಗಸಾಗಿದೆ. 3 ವೋಲ್ಟಿನ ಬದಲು ಅದರ ಎಂಟು ಪಟ್ಟು, ಅಂದರೆ 24 ವೋಲ್ಟ್ ಕೊಡುವುದು. ಪ್ರವಾಹ ಮಿತಿ ಮುಟ್ಟಿದೊಡನೆ ಕಡಿದುಬಿಡುವುದು. ತುಸು ಇಳಿದಾಗ ಮತ್ತೆ ಕೊಡುವುದು. ಹೀಗೆ ಸೆಕೆಂಡಿಗೆ ಸಾವಿರಾರು ಬಾರಿ. 24 ವೋಲ್ಟಿನ ತಳ್ಳುವಿಕೆಗೆ ಪ್ರವಾಹ 1.5 ಆಂಪಿಯರ್ ಮುಟ್ಟಲು ಸುಮಾರು 0.2 ಮಿಲಿಸೆಕೆಂಡ್ ಸಾಕು. ಮಿತಿಯನ್ನು ಕಾಯುವುದು ಅರ್ಧ ಓಮ್‌ನ ಪುಟ್ಟ ರೆಸಿಸ್ಟರ್. ಅದರ ಎರಡು ತುದಿಗಳ ನಡುವೆ 0.75 ವೋಲ್ಟ್ ಕಂಡಿತೆಂದರೆ 1.5 ಆಂಪಿಯರ್ ಹರಿಯುತ್ತಿದೆ ಎಂದರ್ಥ. ಈ ಹೋಲಿಕೆಯನ್ನೂ ಹೆಜ್ಜೆಗಳ ಸರದಿಯನ್ನೂ ಎಲ್297 ಎಂಬ ಹಳೆಯ ಚಿಪ್ ನೋಡಿಕೊಳ್ಳುತ್ತದೆ. ಅದರ ಜೋಡಿ ಎಲ್298, ಸುರುಳಿಗಳಿಗೆ ಪ್ರವಾಹವನ್ನು ಎರಡೂ ದಿಕ್ಕಿನಲ್ಲಿ ಹರಿಸಬಲ್ಲ ಸ್ವಿಚ್ಚುಗಳ ಸಮೂಹ. ಇದು ಸಾಕಷ್ಟು ಬಿಸಿಯಾಗುವುದರಿಂದ ಬೆನ್ನಿಗೆ ಅಲ್ಯೂಮಿನಿಯಂ ಹೀಟ್ ಸಿಂಕ್ ಕಟ್ಟಬೇಕು. ಪ್ರವಾಹವನ್ನು ಕಡಿದಾಗ ಸುರುಳಿ ಪ್ರತಿಭಟಿಸುತ್ತದೆ. ಆ ಪ್ರತಿಭಟನೆಯ ವೋಲ್ಟೇಜ್ ಚಿಪ್ಪನ್ನು ಸುಡದಂತೆ ಎಂಟು ವೇಗದ ಡಯೋಡುಗಳು ಅದಕ್ಕೆ ಬೇರೆ ದಾರಿ ತೆರೆದಿಡುತ್ತವೆ. ವಿದ್ಯುತ್ ಹರಿಯುತ್ತಿರುವಾಗ ಮೋಟಾರಿನ ತಂತಿಯನ್ನು ಕೀಳಬಾರದು ಎಂಬ ನಿಯಮ ಈ ಕಸುಬಿನಲ್ಲಿ ಎಲ್ಲರೂ ಮೊದಲು ಹೇಳಿಕೊಡುವ ಪಾಠ. ಅದರ ಕಾರಣವೂ ಇದೇ.

ಸಿದ್ಧ ಫಲಕದಲ್ಲಿ ಇದೆಲ್ಲವೂ ಉಗುರಿನಗಲದ ಒಂದೇ ಚಿಪ್ಪಿನೊಳಗೆ ಅಡಗಿದೆ. ಅದು ಉತ್ತಮವಾಗಿಯೂ ಕೆಲಸ ಮಾಡುತ್ತದೆ. ಆದರೆ ಕೆಟ್ಟಾಗ ಎಸೆದು ಇನ್ನೊಂದನ್ನು ಕೊಳ್ಳುವುದರ ಹೊರತು ಬೇರೆ ದಾರಿ ತೋಚುವುದಿಲ್ಲ. ಬಿಡಿಯಾಗಿ ಕಟ್ಟಿದವನಿಗೆ ಎಲ್ಲಿ ಮೀಟರ್ ಇಟ್ಟು ನೋಡಬೇಕೆಂಬುದು ಗೊತ್ತಿರುತ್ತದೆ.

ವರದಿ ಕೊಡದ ಸೇವಕ

ಈ ಮೋಟಾರಿನ ಒಂದು ಗುಣ, ಆಡಳಿತದಲ್ಲಿ ದಶಕಗಳನ್ನು ಕಳೆದ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ನಿಯಂತ್ರಕವು ಸಾವಿರ ಹೆಜ್ಜೆ ಇಡು ಎಂದು ಆಜ್ಞಾಪಿಸುತ್ತದೆ. ಮೋಟಾರು ಸಾವಿರ ಹೆಜ್ಜೆ ಇಟ್ಟಿತೆಂದು ನಂಬಿಕೊಳ್ಳುತ್ತದೆ. ಇಟ್ಟಿತೋ ಇಲ್ಲವೋ ಎಂದು ತಿಳಿಯುವ ಮಾರ್ಗ ಅದಕ್ಕಿಲ್ಲ. ಮರದ ಗಂಟಿಗೆ ಸಿಕ್ಕಿ ಮೋಟಾರು ಹತ್ತು ಹೆಜ್ಜೆ ತಪ್ಪಿದರೂ ನಿಯಂತ್ರಕ ಮುಂದಿನ ಆಜ್ಞೆಯನ್ನು ಅದೇ ಗಾಂಭೀರ್ಯದಿಂದ ಹೊರಡಿಸುತ್ತಲೇ ಹೋಗುತ್ತದೆ. ಪರಿಣಾಮವಾಗಿ ಅಕ್ಷರ ಒಂದು ಕಡೆ, ತಲೆಕಟ್ಟು ಇನ್ನೊಂದು ಕಡೆ!

ನಮ್ಮ ಸರ್ಕಾರಿ ಆದೇಶಗಳ ಗತಿಯೂ ಬಹುಮಟ್ಟಿಗೆ ಇದೇ. ರಾಜಧಾನಿಯಿಂದ ಸುತ್ತೋಲೆ ಹೊರಡುತ್ತದೆ. ಹೊರಟದ್ದು ಜಾರಿಯಾಯಿತೆಂದೇ ಭಾವಿಸಿ ಅದರ ಮೇಲೆ ಮತ್ತೊಂದು ಸುತ್ತೋಲೆ ಹೊರಡುತ್ತದೆ. ಅನುಪಾಲನಾ ವರದಿ ಎಂಬುದೊಂದು ಇದೆಯಲ್ಲ ಎನ್ನಬಹುದು. ಇದೆ, ನಿಜ. ಆದರೆ ಅದನ್ನು ಬರೆಯುವವರು ಆದೇಶವನ್ನು ಪಾಲಿಸಬೇಕಾದವರೇ. ಬೆಲೆಬಾಳುವ ಕೈಗಾರಿಕಾ ಯಂತ್ರಗಳಲ್ಲಿ ಸ್ಟೆಪರ್ ಬದಲು ಸರ್ವೋ ಮೋಟಾರು ಇರುತ್ತದೆ. ಅದರ ತಿರುಗುವ ದಂಡಕ್ಕೇ ಎನ್‌ಕೋಡರ್ ಎಂಬ ಅಳತೆಗಾರನನ್ನು ಕೂರಿಸಿರುತ್ತಾರೆ. ಆಜ್ಞೆ ಎಷ್ಟೇ ಇರಲಿ, ದಂಡ ನಿಜವಾಗಿ ಎಷ್ಟು ತಿರುಗಿತೆಂಬುದನ್ನು ಅದು ಪ್ರತ್ಯೇಕವಾಗಿ ವರದಿ ಮಾಡುತ್ತದೆ. 2005ರ ಮಾಹಿತಿ ಹಕ್ಕು ಕಾಯಿದೆ, ಅದೇ ವರ್ಷದ ಉದ್ಯೋಗ ಖಾತರಿ ಕಾಯಿದೆಯಲ್ಲಿ ಗ್ರಾಮಸಭೆಗೆ ಕೊಡಲಾದ ಸಾಮಾಜಿಕ ಲೆಕ್ಕಪರಿಶೋಧನೆಯ ಅಧಿಕಾರ ಇವು ನಮ್ಮ ಆಡಳಿತಕ್ಕೆ ಇಂಥ ಅಳತೆಗಾರನನ್ನು ಕೂರಿಸುವ ಪ್ರಯತ್ನಗಳಾಗಿದ್ದವು. ಅವುಗಳ ಮಹತ್ವ ಎಷ್ಟೆಂಬುದು, ಸೇವೆಯಲ್ಲಿದ್ದಾಗ ಓದಿದ ಟಿಪ್ಪಣಿಗಳಿಗಿಂತ ಈ ಮೋಟಾರಿನಿಂದ ನನಗೆ ಹೆಚ್ಚು ಸ್ಪಷ್ಟವಾಯಿತು.

ಇನ್ನೊಂದು ಪಾಠ ವೇಗದ್ದು. ನಿಂತ ಮೋಟಾರಿಗೆ ಒಮ್ಮೆಲೇ ಸೆಕೆಂಡಿಗೆ 2000 ಹೆಜ್ಜೆ ಇಡು ಎಂದರೆ ಅದು ಗುಂಯ್ ಎಂದು ಗುನುಗಿ ನಿಂತಲ್ಲೇ ನಡುಗುತ್ತದೆ, ಮುಂದೆ ಹೋಗುವುದಿಲ್ಲ. ಕೆಲವು ನೂರು ಹೆಜ್ಜೆಗಳಿಂದ ಆರಂಭಿಸಿ, ಕ್ರಮವಾಗಿ ಏರಿಸುತ್ತ ಹೋದರೆ ಅದೇ ಮೋಟಾರು ಅದೇ ವೇಗವನ್ನು ಸಲೀಸಾಗಿ ಮುಟ್ಟುತ್ತದೆ. ನಿಲ್ಲಿಸುವಾಗಲೂ ಅಷ್ಟೇ. ಗುರಿಯಲ್ಲಿ ದೋಷವಿಲ್ಲ, ಮೋಟಾರಿನಲ್ಲೂ ದೋಷವಿಲ್ಲ; ಗುರಿ ಮುಟ್ಟಲು ಕೊಟ್ಟ ಅವಧಿಯಲ್ಲಿ ದೋಷ. ಹಣಕಾಸು ವರ್ಷದ ಕೊನೆಯ ವಾರ ಅನುದಾನ ಬಿಡುಗಡೆ ಮಾಡಿ ಮಾರ್ಚ್ 31ರೊಳಗೆ ಖರ್ಚು ತೋರಿಸಿ ಎಂದು ತಾಕೀತು ಮಾಡುವ ನಮ್ಮ ಪದ್ಧತಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕನ್ನಡ ಲಿಪಿಯ ದುಂಡು ಅಕ್ಷರಗಳು ಈ ಯಂತ್ರಕ್ಕೆ ಒಳ್ಳೆಯ ಪರೀಕ್ಷೆ. ನೇರ ಗೆರೆ ಎಳೆಯಲು ಒಂದು ಮೋಟಾರು ಸಾಕಾಗಬಹುದು. ‘ಠ’ ಕೊರೆಯಬೇಕಾದರೆ ಒಂದು ಮೋಟಾರು ನಿಧಾನಿಸುತ್ತಿರುವಾಗಲೇ ಇನ್ನೊಂದು ವೇಗ ಪಡೆಯಬೇಕು. ದಿಕ್ಕು ಬದಲಾಗುವ ನಾಲ್ಕು ಬಿಂದುಗಳಲ್ಲಿ ಸ್ಕ್ರೂ ಮತ್ತು ನಟ್ ನಡುವಿನ ಸಡಿಲಿಕೆ ಇದ್ದರೆ ವೃತ್ತ ಅಲ್ಲಿ ಚಪ್ಪಟೆಯಾಗಿ ಕಾಣುತ್ತದೆ. ಯಂತ್ರದ ಯೋಗ್ಯತೆಗೆ ಒಂದೇ ಅಕ್ಷರ ಪ್ರಮಾಣಪತ್ರ ಕೊಡಬಲ್ಲದು.

ನಿಯಂತ್ರಕದ ರಾಜಕಾರಣ

ಇಷ್ಟು ಸಣ್ಣ ವಸ್ತುವಿಗೆ ದೇಶದ ಮಟ್ಟದಲ್ಲಿ ಏನು ಮಹತ್ವ ಎಂಬ ಪ್ರಶ್ನೆ ಏಳಬಹುದು. ಅಂಕಿಗಳಿಂದ ನಿಯಂತ್ರಿತವಾಗುವ ಕಡೆಯುವ ಯಂತ್ರವನ್ನು ಅಮೆರಿಕದ ಎಂಐಟಿಯಲ್ಲಿ 1952ರಲ್ಲಿ ಪ್ರದರ್ಶಿಸಲಾಯಿತು. ಅದಕ್ಕೆ ಹಣ ಒದಗಿಸಿದ್ದು ಆ ದೇಶದ ವಾಯುಪಡೆ. ರಂಧ್ರ ಕೊರೆದ ಪಟ್ಟಿಯನ್ನು ಓದಿ ಅದು ಚಲಿಸುತ್ತಿತ್ತು. ಹುಟ್ಟಿನಿಂದಲೇ ಈ ವಿದ್ಯೆಗೆ ಸಾಮರಿಕ ನಂಟು ಅಂಟಿಕೊಂಡಿದೆ. 1987ರಲ್ಲಿ ಬಯಲಾದ ತೋಷಿಬಾ ಪ್ರಕರಣ ಅದಕ್ಕೆ ಉತ್ತಮ ಸಾಕ್ಷಿ. ಜಪಾನಿನ ತೋಷಿಬಾ ಸಮೂಹದ ಯಂತ್ರೋಪಕರಣ ಕಂಪನಿ ಬಹು ಅಕ್ಷಗಳ ಕಡೆಯುವ ಯಂತ್ರಗಳನ್ನೂ ನಾರ್ವೆಯ ಕಾಂಗ್ಸ್‌ಬರ್ಗ್ ಕಂಪನಿ ಅವುಗಳ ನಿಯಂತ್ರಕಗಳನ್ನೂ ಅಂದಿನ ಸೋವಿಯತ್ ಒಕ್ಕೂಟಕ್ಕೆ ನಿರ್ಬಂಧ ಮೀರಿ ಮಾರಿದ್ದವು. ಸದ್ದಿಲ್ಲದ ಜಲಾಂತರ್ಗಾಮಿಗಳ ಪ್ರೊಪೆಲರ್ ಕಡೆಯಲು ಅವು ನೆರವಾದವು ಎಂಬುದು ಅಮೆರಿಕದ ಆಕ್ರೋಶಕ್ಕೆ ಕಾರಣ. ಅಲ್ಲಿನ ಜನಪ್ರತಿನಿಧಿಗಳು ಸಂಸತ್ ಭವನದ ಅಂಗಳದಲ್ಲಿ ತೋಷಿಬಾ ರೇಡಿಯೊವನ್ನು ಸುತ್ತಿಗೆಯಿಂದ ಕುಟ್ಟಿದರು. ತೋಷಿಬಾದ ಅಧ್ಯಕ್ಷರೂ ಮುಖ್ಯಸ್ಥರೂ ರಾಜೀನಾಮೆ ಕೊಟ್ಟರು. ಲೋಹದ ಮೈಗಿಂತ ಅದನ್ನು ನಡೆಸುವ ಅಂಕಿಗಳು ಹೆಚ್ಚು ಬೆಲೆಯವು ಎಂಬುದನ್ನು ಜಗತ್ತು ಅಂದು ಕಂಡಿತು. ಉನ್ನತ ಮಟ್ಟದ ಇಂಥ ಯಂತ್ರಗಳ ರಫ್ತಿನ ಮೇಲೆ ಕಣ್ಣಿಡುವ ವಾಸೆನಾರ್ ಒಪ್ಪಂದ ಅನಂತರ 1996ರಲ್ಲಿ ರೂಪುಗೊಂಡಿತು. ಭಾರತ ಅದರ ಸದಸ್ಯನಾದದ್ದು 2017ರ ಡಿಸೆಂಬರಿನಲ್ಲಿ.

ನಿರ್ಬಂಧಗಳ ಈ ಕಥೆಯ ಜೊತೆಗೆ ಔದಾರ್ಯದ ಕಥೆಯೂ ಒಂದಿದೆ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ 1990ರ ದಶಕದಲ್ಲಿ ರೂಪಿಸಿದ ನಿಯಂತ್ರಕ ತಂತ್ರಾಂಶ ಸರ್ಕಾರಿ ಹಣದಿಂದ ತಯಾರಾದುದರಿಂದ ಸಾರ್ವಜನಿಕರ ಸೊತ್ತಾಯಿತು. ಇಂದು ಲಿನಕ್ಸ್‌ಸಿಎನ್‌ಸಿ ಎಂಬ ಹೆಸರಿನಲ್ಲಿ ಅದು ಯಾರಿಗೂ ಉಚಿತ. ನಾರ್ವೆಯ ಸಿಮೆನ್ ಸ್ವಾಲೆ ಸ್ಕೊಗ್ಸ್‌ರೂಡ್ 2009ರಲ್ಲಿ ಬರೆದ ಗ್ರಬಲ್ ಎಂಬ ತಂತ್ರಾಂಶ, ಕೇವಲ 2 ಕಿಲೊಬೈಟ್ ಸ್ಮೃತಿಯುಳ್ಳ ಆರ್ಡುಯಿನೊ ಫಲಕದಲ್ಲಿ ಕುಳಿತು ಮೂರು ಅಕ್ಷಗಳನ್ನು ನಡೆಸುತ್ತದೆ. ನಾನು ಕಟ್ಟಿದ ಪೆಟ್ಟಿಗೆಗೆ ಹೆಜ್ಜೆಯ ಸಂಕೇತ ಕಳಿಸುವುದೂ ಅದೇ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಏಡ್ರಿಯನ್ ಬೋಯರ್ 2005ರಲ್ಲಿ ಆರಂಭಿಸಿದ ರೆಪ್‌ರ‍್ಯಾಪ್ ಯೋಜನೆಯಿಂದಾಗಿ ಮನೆಬಳಕೆಯ ತ್ರಿಡಿ ಪ್ರಿಂಟರುಗಳು ಹುಟ್ಟಿದವು. ಅವುಗಳೊಳಗೆ ತಿರುಗುವುದೂ ಇದೇ ಸ್ಟೆಪರ್ ಮೋಟಾರು. ಅಂದರೆ ವಿದ್ಯೆಯ ಬಾಗಿಲು ತೆರೆದೇ ಇದೆ. ಒಳಗೆ ಹೋಗುವವರು ಬೇಕಷ್ಟೆ.

ಆಡಂ ಸ್ಮಿತ್ 1776ರ ತನ್ನ ಮಹಾಗ್ರಂಥದಲ್ಲಿ ಹೇಳುವ ಒಬ್ಬ ಹುಡುಗನ ಪ್ರಸಂಗ ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಹಬೆ ಯಂತ್ರದ ಕವಾಟವನ್ನು ಪ್ರತಿಬಾರಿಯೂ ತೆರೆದು ಮುಚ್ಚುವುದು ಅವನ ಕೆಲಸ. ಗೆಳೆಯರೊಡನೆ ಆಡುವ ಆಸೆಯಿಂದ ಅವನು ಕವಾಟದ ಹಿಡಿಗೂ ಯಂತ್ರದ ಚಲಿಸುವ ಭಾಗಕ್ಕೂ ಒಂದು ದಾರ ಕಟ್ಟಿದ. ಕವಾಟ ತಾನೇ ತೆರೆದು ಮುಚ್ಚತೊಡಗಿತು. ಈ ಪ್ರಸಂಗವನ್ನು ನಾವು ಶ್ರಮವಿಭಜನೆಯ ಪಾಠವಾಗಿ ಓದಿದೆವು. ಅದರಲ್ಲಿ ಇನ್ನೊಂದು ಅಂಶವಿದೆ: ಯಂತ್ರಕ್ಕೆ ದಾರ ಕಟ್ಟಲು ಆ ಹುಡುಗನನ್ನು ಯಾರೂ ತಡೆಯಲಿಲ್ಲ.

ದಾಸ್ತಾನು ವಹಿಯ ಭಯ

ನಮ್ಮ ಮಕ್ಕಳನ್ನು ನಾವು ತಡೆಯುತ್ತೇವೆ. ನೀತಿ ಆಯೋಗ 2016ರಲ್ಲಿ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳ ಯೋಜನೆಯನ್ನು ಆರಂಭಿಸಿತು. ಶಾಲೆಯೊಂದಕ್ಕೆ 20 ಲಕ್ಷ ರೂಪಾಯಿಯವರೆಗೆ ನೆರವು. ಹತ್ತು ಸಾವಿರ ಶಾಲೆಗಳಲ್ಲಿ ಅವು ಸ್ಥಾಪನೆಯಾಗಿವೆ. 2025ರ ಕೇಂದ್ರ ಬಜೆಟ್ಟಿನಲ್ಲಿ ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ ಇನ್ನೂ 50 ಸಾವಿರ ಸ್ಥಾಪಿಸುವ ಘೋಷಣೆಯಾಗಿದೆ. ಯೋಜನೆ ಒಳ್ಳೆಯದು. ಅದು ಫಲ ಕೊಡಬೇಕೆಂದೇ ಈ ಮಾತನ್ನು ಹೇಳುತ್ತಿದ್ದೇನೆ.

ಸೇವೆಯಲ್ಲಿದ್ದಾಗ ಶಾಲೆಗಳ ತಪಾಸಣೆಗೆ ಹೋದ ಕಡೆಯಲ್ಲೆಲ್ಲ ಒಂದು ದೃಶ್ಯ ಸಾಮಾನ್ಯವಾಗಿತ್ತು. ವಿಜ್ಞಾನದ ಉಪಕರಣಗಳು ಹೊಸದಾಗಿಯೇ ಇರುತ್ತಿದ್ದವು. ಬೀರುವಿಗೆ ಬೀಗ ಇರುತ್ತಿತ್ತು. ಒಂದು ಶಾಲೆಯ ಮುಖ್ಯೋಪಾಧ್ಯಾಯರು ಅದರ ಕಾರಣವನ್ನು ಮುಚ್ಚುಮರೆಯಿಲ್ಲದೆ ಹೇಳಿದರು: ‘ಸಾರ್, ಮಕ್ಕಳ ಕೈಗೆ ಕೊಟ್ಟು ಒಂದು ಮೀಟರ್ ಸುಟ್ಟರೂ ಆಡಿಟ್‌ನಲ್ಲಿ ನಾನು ಉತ್ತರ ಹೇಳಬೇಕು. ಬೀಗ ಹಾಕಿಟ್ಟರೆ ಯಾರೂ ಕೇಳೋದಿಲ್ಲ.’ ಆ ಮನುಷ್ಯ ಸೋಮಾರಿಯಲ್ಲ, ಅಪ್ರಾಮಾಣಿಕನೂ ಅಲ್ಲ. ನಾವು ಬರೆದ ನಿಯಮಕ್ಕೆ ತಕ್ಕಂತೆ ಅವರು ತರ್ಕಬದ್ಧವಾಗಿಯೇ ನಡೆದುಕೊಂಡಿದ್ದರು. ಬಳಸಿ ಕೆಡಿಸಿದರೆ ವಸೂಲಿ, ಬಳಸದೆ ತುಕ್ಕು ಹಿಡಿಸಿದರೆ ನಿರಾಕ್ಷೇಪ ಎಂಬ ವ್ಯವಸ್ಥೆಯಲ್ಲಿ ಬೀಗವೇ ವಿವೇಕ.

ಎಲೆಕ್ಟ್ರಾನಿಕ್ಸ್ ಕಲಿಯುವವರ ಕೈಯಲ್ಲಿ ಚಿಪ್ಪುಗಳು ಸುಡುತ್ತವೆ. ಡಯೋಡ್ ತಿರುಗುಮುರುಗಾದರೆ, ಹೀಟ್ ಸಿಂಕ್ ಚಿಕ್ಕದಾದರೆ, ತಂತಿ ಸಡಿಲವಾದರೆ ಸುಡುತ್ತವೆ. ಇದು ನಷ್ಟವಲ್ಲ, ಬೋಧನಾ ಶುಲ್ಕ. ಅಡುಗೆ ಕಲಿಯುವವರಿಗೆ ಒಂದು ದೋಸೆಯೂ ಸೀಯಬಾರದೆಂದು ಯಾವ ತಾಯಿಯೂ ಷರತ್ತು ಹಾಕುವುದಿಲ್ಲ.

ಆದ್ದರಿಂದ ನನ್ನ ಸಲಹೆಗಳು ಸರಳ. ಮೊದಲನೆಯದಾಗಿ, ಪ್ರಯೋಗಾಲಯದ ಚಿಪ್ಪು, ಮೋಟಾರು, ರೆಸಿಸ್ಟರ್ ಮುಂತಾದ ಅಗ್ಗದ ವಸ್ತುಗಳನ್ನು ಸೀಮೆಸುಣ್ಣದಂತೆ ಬಳಕೆಯ ವಸ್ತುಗಳೆಂದು ಪರಿಗಣಿಸಬೇಕು. ದಾಸ್ತಾನು ವಹಿಯ ಶಾಶ್ವತ ಆಸ್ತಿಯೆಂದಲ್ಲ. ಎರಡನೆಯದಾಗಿ, ವಾರ್ಷಿಕ ಅನುದಾನದ ಒಂದು ನಿಶ್ಚಿತ ಪಾಲನ್ನು ಒಡೆದದ್ದು, ಸುಟ್ಟದ್ದಕ್ಕೆಂದೇ ಮೀಸಲಿಟ್ಟು, ಅಷ್ಟರ ಮಟ್ಟಿಗೆ ಲೆಕ್ಕಪರಿಶೋಧನೆಯ ಆಕ್ಷೇಪ ಬರದಂತೆ ಸ್ಪಷ್ಟ ಆದೇಶ ಹೊರಡಿಸಬೇಕು. ಮೂರನೆಯದಾಗಿ, ಸುಟ್ಟ ಭಾಗವನ್ನು ಒಂದು ಪುಸ್ತಕದಲ್ಲಿ ಅಂಟಿಸಿ, ಅದು ಏಕೆ ಸುಟ್ಟಿತೆಂಬುದನ್ನು ವಿದ್ಯಾರ್ಥಿಯೇ ಬರೆಯುವಂತಾಗಲಿ. ಅದಕ್ಕಿಂತ ಉತ್ತಮವಾದ ಪಠ್ಯ ಬೇರೊಂದಿರದು. ನಾಲ್ಕನೆಯದಾಗಿ, ಎಚ್‌ಎಂಟಿ, ಬಿಇಎಲ್, ಐಟಿಐಗಳಲ್ಲಿ ದುಡಿದು ನಿವೃತ್ತರಾದ ಎಷ್ಟೋ ಕುಶಲಕರ್ಮಿಗಳು ನಮ್ಮ ಬಡಾವಣೆಗಳಲ್ಲಿದ್ದಾರೆ. ಅವರ ಬೆರಳುಗಳಲ್ಲಿರುವ ವಿದ್ಯೆ ಯಾವ ಪುಸ್ತಕದಲ್ಲೂ ಪೂರ್ತಿಯಾಗಿ ಬರೆದಿಲ್ಲ. ಶಾಲೆ ಬಿಟ್ಟ ಮೇಲೆ ವಾರಕ್ಕೆರಡು ಸಂಜೆ ಅವರನ್ನು ಗೌರವದಿಂದ ಕರೆಯಬಹುದು. ಕರೆದರೆ ಬರುತ್ತಾರೆ ಎಂಬುದು ನನ್ನ ವಿಶ್ವಾಸ.

ಕೊನೆಯದಾಗಿ ಅಳತೆಯ ಪ್ರಶ್ನೆ. ಎಷ್ಟು ಪ್ರಯೋಗಾಲಯಗಳು ಉದ್ಘಾಟನೆಯಾದವು ಎಂಬುದು ಹೊರಟ ಆಜ್ಞೆಗಳ ಎಣಿಕೆ ಮಾತ್ರ. ಎಷ್ಟು ಮಕ್ಕಳು ಮೋಟಾರು ಬಿಚ್ಚಿದರು, ಎಷ್ಟು ಫಲಕ ಕಟ್ಟಿದರು, ಎಷ್ಟು ಚಿಪ್ಪು ಸುಟ್ಟರು ಎಂಬುದೇ ತಿರುಗಿದ ದಂಡದ ಎಣಿಕೆ. ಮುಂದಿನ ತಪಾಸಣಾ ನಮೂನೆಯಲ್ಲಿ ಒಂದೇ ಒಂದು ಅಂಕಣ ಸೇರಿಸಿದರೂ ಸಾಕು: ‘ಈ ವರ್ಷ ಬಳಸಿ ಕೆಟ್ಟ ವಸ್ತುಗಳ ಸಂಖ್ಯೆ’. ಅಲ್ಲಿ ಸೊನ್ನೆ ಬರೆದ ಶಾಲೆಗೆ ಶಹಬ್ಬಾಸ್ ಹೇಳುವ ಬದಲು, ಬೀರುವಿನ ಬೀಗದ ಕೈ ಎಲ್ಲಿದೆಯೆಂದು ಅಧಿಕಾರಿಗಳು ವಿಚಾರಿಸಲಿ.